ಸೌಟು ಯಾರ ಕೈಲಿ? ಮೂರು ಆರಾಧನೆಯ ಸಭೆಯಲ್ಲಿ ನನ್ನ ಅನುಭವ

ಈ ಸಲದ ಬೆಳೆ ಹಬ್ಬಕ್ಕೆ ನಮ್ಮ ಚರ್ಚಿನ ಸಭೆಯಲ್ಲಿ ಸುಮಾರು 420 ಜನ ಒಟ್ಟಿಗೆ ಕೂತು ಉಂಡರು. ಕನ್ನಡದವರು, ತಮಿಳಿನವರು, ಈಶಾನ್ಯದ ಹುಡುಗ ಹುಡುಗಿಯರು, ಎಲ್ಲ ಕಲಸಿಕೊಂಡು. ಆರು ವರ್ಷದ ಹಿಂದೆ "ಇದೆಲ್ಲ ಆಗೋ ಮಾತಲ್ಲ ಬಿಡಿ" ಎಂದಿದ್ದ ಹಿರಿಯರೊಬ್ಬರು ಎರಡನೇ ಸಲ ಅನ್ನ ಹಾಕಿಸಿಕೊಂಡರು. ನಾನು ನೋಡಿಯೂ ನೋಡದವನ ಹಾಗೆ ನಿಂತಿದ್ದೆ. ಮನೆಗೆ ಬಂದು ಹೆಂಡತಿಗೆ ಮೂರು ಸಲ ಹೇಳಿದೆ.

ಬೇರೆ ಸಭೆಗಳ ಕಾರ್ಯದರ್ಶಿಗಳು ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಕಥೆ ಹೇಳಿ ಸಾಕಾಯಿತು. ಅದಕ್ಕೇ ಬರೆದುಬಿಡುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಹಳೇ ಸಭೆ. ಏಳಕ್ಕೆ ತಮಿಳು ಆರಾಧನೆ, ಎಂಟೂವರೆಗೆ ಕನ್ನಡ, ಹತ್ತೂವರೆಗೆ ಇಂಗ್ಲಿಷ್. ಈಶಾನ್ಯದವರು ಇಂಗ್ಲಿಷಿಗೆ ಬಂದು ಕೊನೆಯ ಎರಡು ಬೆಂಚಲ್ಲಿ ಕೂತು, ಆಶೀರ್ವಾದ ಮುಗಿಯುವ ಮೊದಲೇ ಹೋಗುತ್ತಿದ್ದರು. ಮೂರೂ ಕಡೆಯವರು ಎದುರುಬದುರಾಗುತ್ತಿದ್ದುದು ಪಾರ್ಕಿಂಗ್‌ನಲ್ಲಿ ಮಾತ್ರ, ಅದೂ ಹಾರ್ನ್ ಹೊಡೆಯುತ್ತ.

2012ರ ಆಗಸ್ಟ್‌ನಲ್ಲಿ ದಾಳಿಯಾಗುತ್ತದೆಂಬ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರಲ್ಲ, ಆಗ ಆ ಎರಡು ಬೆಂಚು ಖಾಲಿಯಾದವು. ನಮ್ಮಲ್ಲಿ ಯಾರೂ ಕೇಳಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಯಾಗಿ ಬಸ್ಸುಗಳಿಗೆ ಬೆಂಕಿ ಬಿತ್ತು. ನಮ್ಮ ಪಕ್ಕದ ರಸ್ತೆಯಲ್ಲಿದ್ದ ತಮಿಳು ಕುಟುಂಬ ಹೇಗಿದೆ ಎಂದು ವಿಚಾರಿಸೋಣ ಎಂದರೆ ನನ್ನ ಹತ್ತಿರ ಅವರ ನಂಬರೇ ಇರಲಿಲ್ಲ. ಹದಿನೈದು ವರ್ಷ ಅವರೂ ನಾನೂ ಒಂದೇ ಬೆಂಚಲ್ಲಿ ಕೂತಿದ್ದೆವು. ಒಂದೂವರೆ ಗಂಟೆ ಹಿಂದೆ ಮುಂದೆ, ಅಷ್ಟೇ.

ಶುರು ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ: ತಿಂಗಳಿಗೊಂದು ಕೂಡು ಆರಾಧನೆ. ಪ್ರಸಂಗ, ಅಂದರೆ ಪಾಸ್ಟರ್ ಮಾಡುವ ಬೋಧನೆ, ಕನ್ನಡದಲ್ಲಿ, ವಾಕ್ಯ ವಾಕ್ಯಕ್ಕೂ ತಮಿಳಿಗೆ, ಆಮೇಲೆ ಇಂಗ್ಲಿಷಿಗೆ. ಮೊದಲನೇ ಸಲವೇ ಎರಡು ಮುಕ್ಕಾಲು ಗಂಟೆ ಹಿಡಿಯಿತು. ತಮಿಳಿನ ಸರದಿ ಬಂದಾಗ ಕನ್ನಡದವರು ಫೋನ್ ನೋಡಿದರು, ಕನ್ನಡದ ಸರದಿಯಲ್ಲಿ ತಮಿಳಿನವರು ಕಾಫಿಗೆ ಎದ್ದರು. ಮೂರನೇ ತಿಂಗಳ ಹೊತ್ತಿಗೆ, ಮೂರೂ ಆರಾಧನೆ ಸೇರಿ ಇಪ್ಪತ್ತು ಸಾವಿರ ಬರುತ್ತಿದ್ದ ಕಾಣಿಕೆ ಹನ್ನೊಂದಕ್ಕೆ ಇಳಿಯಿತು. ಖಜಾಂಚಿಯವರು ಏನೂ ಬೈಯಲಿಲ್ಲ. ಲೆಕ್ಕದ ಪುಸ್ತಕ ತೆರೆದು ನನ್ನ ಮುಂದಿಟ್ಟರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಆಮೇಲೆ ಹೆಡ್‌ಫೋನ್ ಹುಚ್ಚು ಹಿಡಿಯಿತು. ಪ್ರವಾಸಿಗರಿಗೆ ಗೈಡ್‌ಗಳು ಕೊಡುತ್ತಾರಲ್ಲ, ಆ ಥರದ ಸೆಟ್. ಮೂವತ್ತು ರಿಸೀವರ್‌ಗೆ ಹತ್ತಿರ ಹತ್ತಿರ ನಲವತ್ತು ಸಾವಿರ ಆಯಿತು. ಆರು ತಿಂಗಳಲ್ಲಿ ಎಂಟೋ ಒಂಬತ್ತೋ ಕಾಣೆಯಾದವು. ಉಳಿದವು ಈಗಲೂ ವೆಸ್ಟ್ರಿಯ (ಚರ್ಚಿನ ಪಕ್ಕದ ಕೋಣೆಯ) ಬೀರುವಿನಲ್ಲಿವೆ, ಬೇಕಾದವರು ಬಂದು ತಗೊಳ್ಳಿ. ಕಿವಿಗೆ ಸಿಕ್ಕಿಸಿಕೊಂಡವರಿಗೆ ಪ್ರಸಂಗ ಅರ್ಥವಾಯಿತು, ನಿಜ. ಆದರೆ ಪಕ್ಕದವರ ಜೊತೆ ಒಂದು ಮಾತಿಲ್ಲ. ಮೊದಲಿಗಿಂತ ಜಾಸ್ತಿ ಒಂಟಿಯಾದರು.

ಮೂರನೆಯದು ಸಂಸ್ಕೃತಿ ದಿನ. ಶಾಮಿಯಾನ, ಸೌಂಡ್, ಎಲ್ಲ ಸೇರಿ ಇಪ್ಪತ್ತೈದು ಸಾವಿರ. ನಾಗಾ ಶಾಲು, ಇಳಕಲ್ ಸೀರೆ, ಕಾಂಚೀಪುರಂ ರೇಷ್ಮೆ, ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದವು. ಸೋಮವಾರದಿಂದ ಮತ್ತೆ ಹಾರ್ನ್.

ಕೊನೆಗೆ ಪ್ರೀತಿಭೋಜನಕ್ಕೆ ಬಂದೆವು. ಪ್ಲೇಟಿಗೆ 140 ರೂಪಾಯಿಯಂತೆ ಕೇಟರಿಂಗ್. ಎಲ್ಲರೂ ಅವರವರ ಗುಂಪಿನಲ್ಲಿ ಉಂಡು ಹೊರಟರು. ಅದರ ಮೇಲೆ ಎರಡು ದೂರಿನ ಪತ್ರ ಬಂತು. ತಮಿಳಿನವರದ್ದು: ನಾವು ಸಾಲಿಗೆ ಬರುವಾಗ ಕೋಳಿ ಮುಗಿದು ಬರೀ ಗ್ರೇವಿ ಉಳಿದಿತ್ತು. ಈಶಾನ್ಯದವರದ್ದು ಇನ್ನೂ ಸಣ್ಣದು: ನಮ್ಮನ್ನು ಯಾರೂ ಊಟಕ್ಕೆ ಕರೆಯಲೇ ಇಲ್ಲ. ಬಡಿಸಲು ನಿಂತಿದ್ದವರೆಲ್ಲ ನಮ್ಮ ಎಂಟೂವರೆಯ ಕನ್ನಡದವರೇ. ಬೇಕೆಂದು ಮಾಡಿದ್ದಲ್ಲ, ಗುರುತಿನ ಮುಖಕ್ಕೆ ಕೈ ತಾನಾಗಿ ಧಾರಾಳವಾಗುತ್ತೆ, ಅಲ್ವಾ?

ಆ ಪತ್ರಗಳಿಗೆ ಏನು ಉತ್ತರ ಬರೆಯುವುದು ಎಂದು ತಲೆ ಕೆರೆದುಕೊಳ್ಳುವಾಗ ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ನೆನಪಾಯಿತು. ನಿಮಗೆಲ್ಲ ಗೊತ್ತಿರುವುದೇ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲವೆಂದು ಇಬ್ರಿಯ ಮಾತಿನವರ ಮೇಲೆ ಗೊಣಗಾಟ ಎದ್ದಿತು. ಎರಡು ಸಾವಿರ ವರ್ಷದ ಹಿಂದೆಯೂ ಇದೇ ಭಾಷೆ, ಇದೇ ಊಟ! ಊಟ ಹಂಚುವುದನ್ನು ನೋಡಿಕೊಳ್ಳಲು ಆಗ ಆರಿಸಿದ ಏಳು ಜನರ ಹೆಸರು ಒಂದೊಂದಾಗಿ ಓದಿ. ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ... ಏಳೂ ಗ್ರೀಕ್ ಹೆಸರು. ಅಂದರೆ ಅವರು ಎರಡೂ ಕಡೆಯಿಂದ ಅರ್ಧ ಅರ್ಧ ತೆಗೆದುಕೊಂಡು ಕಮಿಟಿ ಮಾಡಿದ ಹಾಗೆ ಕಾಣುವುದಿಲ್ಲ. ದೂರಿದವರ ಕೈಗೇ ಸೌಟು ಕೊಟ್ಟರು. ನಾನು ಈ ಅಧ್ಯಾಯವನ್ನು ನಲವತ್ತು ವರ್ಷದಿಂದ ಕೇಳಿದ್ದೇನೆ, ಹೆಸರುಗಳನ್ನು ಮಾತ್ರ ಸುಮ್ನೆ ಹಾರಿಸುತ್ತಿದ್ದೆ.

ಕೇಟರಿಂಗ್ ಬಿಟ್ಟೆವು. ಯಾವ ಕಡೆಯಿಂದ ದೂರು ಬರುತ್ತದೋ ಮುಂದಿನ ತಿಂಗಳ ಅಡುಗೆ, ಬಡಿಸುವುದು ಅವರದ್ದು. ತರಕಾರಿ ಹೆಚ್ಚಲು, ಪಾತ್ರೆ ತೊಳೆಯಲು ಮಾತ್ರ ಉಳಿದ ಎರಡು ಕಡೆಯಿಂದ ತಲಾ ನಾಲ್ಕು ಜನ. ಕಮಿಟಿಯಲ್ಲಿ ನಗು ಎದ್ದಿತು. ಒಬ್ಬರು ಮಾತ್ರ ನಗಲಿಲ್ಲ. "ಅಂದ್ರೆ ಅಡುಗೆ ಯಾರ್ ಮಾಡ್ತಾರೆ?" ಎಂದು ಕೇಳಿದರು. ಆ ಪ್ರಶ್ನೆ ಭಾಷೆಯದ್ದಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮ ಜನ ದೀಕ್ಷಾಸ್ನಾನದ ನೀರಿನಲ್ಲಿ ಏನೆಲ್ಲ ಬಿಟ್ಟರೂ ಇದೊಂದನ್ನು ಒಣಗಿಸಿ ಮನೆಗೆ ತಂದಿದ್ದಾರೆ. ನಾನು ಉತ್ತರ ಕೊಡಲಿಲ್ಲ. ಅವರ ಹೆಸರನ್ನು ಈರುಳ್ಳಿ ಹೆಚ್ಚುವವರ ಪಟ್ಟಿಗೆ ಹಾಕಿದೆ. ನಾಲ್ಕು ತಿಂಗಳು ಬರಲಿಲ್ಲ. ಐದನೇ ತಿಂಗಳು ಬಂದರು.

ಮೊದಲ ಅಡುಗೆ ಹಾಳಾಯಿತು. 12 ಕಿಲೋ ಅಕ್ಕಿ ತಳ ಹಿಡಿಯಿತು, ಸಾಂಬಾರಿಗೆ ಇಬ್ಬರು ಉಪ್ಪು ಹಾಕಿದರು. ಎರಡನೇ ತಿಂಗಳು ನಾಗಾ ಹುಡುಗರು ಹಂದಿಮಾಂಸಕ್ಕೆ ಅಖುನಿ ಹಾಕಿದರು. ಹುದುಗಿಸಿದ ಸೋಯಾ ಕಾಳು, ಬಾಳೆ ಎಲೆಯಲ್ಲಿ ಕಟ್ಟಿ ತಂದಿದ್ದರು. ಬಿಚ್ಚಿದ ಕೂಡಲೇ ಹಾಲ್ ತುಂಬ ವಾಸನೆ. ಮಂಗಳೂರು ಕಡೆಯ ಒಬ್ಬ ಆಂಟಿ ಮೂಗಿಗೆ ಸೆರಗು ಹಿಡಿದು ಹೊರಗೆ ಓಡಿದರು. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, "ನಮ್ಮ ಒಣಮೀನು ಸುಟ್ಟಾಗ ಪಕ್ಕದ ಮನೆಯವರು ಹೀಗೇ ಓಡ್ತಾರೆ" ಎಂದು ನಗುತ್ತ ಪಾತ್ರೆಗೆ ಇಣುಕಿದರು. ಅಡುಗೆ ಮಾಡುತ್ತಿದ್ದ ನಾಗಾ ಹುಡುಗಿಯೊಬ್ಬಳು ಚಮಚದ ತುದಿಯಲ್ಲಿ ಸ್ವಲ್ಪ ಕೊಟ್ಟಳು. ಆಂಟಿ ಬಾಯಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, "ಹುಳಿ ಬೇಕು" ಎಂದರು. ಇಂಗ್ಲಿಷ್ ಬಾರದವರು, ಕನ್ನಡ ಬಾರದವಳು. ಹುಣಸೆಹಣ್ಣು ತೋರಿಸಿ ಮಾತು ಮುಗಿಸಿದರು. ಹಂದಿ ತಿನ್ನದವರಿಗೆ ಬೇರೆ ಒಲೆ, ಬೇರೆ ಸೌಟು ಇಡಿ. ಇದರಲ್ಲಿ ಮಾತ್ರ ಧೈರ್ಯ ತೋರಿಸಲು ಹೋಗಬೇಡಿ.

ಖರ್ಚು ಈಗ ತಲೆಗೆ 75 ರೂಪಾಯಿ ಆಸುಪಾಸು. ಸರದಿ ಪಟ್ಟಿಯಲ್ಲಿ ಯಾರ ಪಕ್ಕ ಯಾರನ್ನು ಹಾಕುತ್ತೇನೆ ಎನ್ನುವುದಕ್ಕೆ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ನಮ್ಮವರೇ ಓದುತ್ತಾರೆ.

ಹಾಡಿನ ಕಡೆಗೂ ಸ್ವಲ್ಪ ಕೈ ಹಾಕಿದೆ. ಎಲ್ಲರಿಗೂ ಇಂಗ್ಲಿಷ್ ಹಾಡು ಎಂದರೆ ಅಜ್ಜಿಯರು ಬಾಯಿ ಮುಚ್ಚುತ್ತಾರೆ. ಹಾಡಿನ ನಂಬರ್ ಬಿಟ್ಟು ರಾಗದ ಹೆಸರು ಹಿಡಿದು ಹುಡುಕಿ. ಓಲ್ಡ್ ಹಂಡ್ರೆಡ್ತ್‌ ಎಂಬ ಹಳೆಯ ರಾಗಕ್ಕೆ ನಮ್ಮ ಎಲ್ಲ ಭಾಷೆಯಲ್ಲೂ ಪದ ಇದೆ. ಅವರವರ ಭಾಷೆಯಲ್ಲಿ ಒಟ್ಟಿಗೆ ಹಾಡಿದರಾಯಿತು. ಮಿಜೋ ಹುಡುಗರು ಸೋಲ್ಫಾ (ಡೋ ರೇ ಮಿ ಅಕ್ಷರಗಳ ಸ್ವರಲಿಪಿ) ಓದುವುದನ್ನು ನೋಡಿ ನಮ್ಮ ಕ್ವಾಯರ್ ಮಾಸ್ತರರಿಗೆ ಬೆವರು ಬಂತು. ಈಗ ಟೆನರ್, ಅಂದರೆ ಗಂಡಸರ ಮೇಲಿನ ದನಿ, ಪೂರ್ತಿ ಅವರದ್ದೇ. ಆದರೆ ಕನ್ನಡ ಕೀರ್ತನೆಗೆ ತಾಳ ಹಾಕುವುದು ಅವರಿಗೆ ಇನ್ನೂ ಬಂದಿಲ್ಲ. ಬೆಳೆ ಹಬ್ಬಕ್ಕೆ ಜನ ತಂದುಕೊಟ್ಟದ್ದನ್ನು ಹರಾಜು ಹಾಕುವಾಗ ಮೂರೂ ಕಡೆಯವರನ್ನು ಬೆರೆಸಿ ತಂಡ ಕಟ್ಟಿ ಕೂಗಿಸಿದ್ದು ಮಾತ್ರ ದೊಡ್ಡ ತಪ್ಪು. ಒಂದು ಕುಂಬಳಕಾಯಿ 3,800ಕ್ಕೆ ಹೋಯಿತು. ಹಣ ಯಾರು ಕೊಡಬೇಕೆಂದು ಎರಡು ವಾರ ಜಗಳ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಆಯಿತು. ಹಿರಿಯರು ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷ ಮಾತಾಡಿದ್ದರು. ನಮ್ಮ ಅಡುಗೆಮನೆಗೆ ಆರೇ ವರ್ಷ ಹಿಡಿದದ್ದು ಎಂದು ನಾನು ಜಂಬ ಕೊಚ್ಚಿದರೆ ನಮ್ಮ ಪಾಸ್ಟರ್ ಅಯ್ಯನವರು, "ಮದುವೆ ಎಷ್ಟಾದವು ಹೇಳು ನೋಡೋಣ" ಎನ್ನುತ್ತಾರೆ. ಆ ಲೆಕ್ಕದಲ್ಲಿ ನಾನು ಫೇಲ್. ಭಾಷೆ ದಾಟಿದ ಮದುವೆ ಇಲ್ಲಿಯವರೆಗೆ ಒಂದೇ ಒಂದು, ಅದಕ್ಕೂ ಹುಡುಗನ ಕಡೆಯವರು ಅರ್ಧ ಜನ ಬರಲಿಲ್ಲ. ಕಮಿಟಿ ಚುನಾವಣೆ ಬಂದರೆ ಈಗಲೂ ಭಾಷೆ ನೋಡಿಯೇ ವೋಟು.

ಈ ತಿಂಗಳು ದೂರು ಬಂದಿರುವುದು ನಮ್ಮ ಕನ್ನಡದವರಿಂದ. ಬಂಗುಡೆ ತುಂಡು ತೀರಾ ಸಣ್ಣದಾಗಿತ್ತಂತೆ. ಸರಿ, ಬರುವ ತಿಂಗಳು ಅಡುಗೆ, ಬಡಿಸುವುದು ಎಲ್ಲ ಅವರದ್ದೇ. ಮೀನು ಕತ್ತರಿಸಲು ಬೆಳಿಗ್ಗೆ ಆರಕ್ಕೆ ಬನ್ನಿ, ಚಾಕು ಮನೆಯಿಂದಲೇ ತನ್ನಿ ಎಂದು ಹೇಳಿದ್ದೇನೆ.