ಸಲಿಂಗಿಗಳ ಹಕ್ಕಿನ ಮನವಿ: ಶಾಸಕರ ಮನೆಗೆ ಹೋಗುವ ಮುನ್ನ

ಸಲಿಂಗ ಮದುವೆ ಮೂಲಭೂತ ಹಕ್ಕಲ್ಲ, ಅದನ್ನು ತೀರ್ಮಾನಿಸಬೇಕಾದ್ದು ಶಾಸನಸಭೆ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಹೇಳಿತು. ಹಾಗಾಗಿ ಈಗ ಮಂಡ್ಯ, ಮೈಸೂರಿನ ಮತದಾರರಿಗೂ ಕೆಲಸವಿದೆ.

ಮೊದಲು ತಲೆ ಎಣಿಸಿ. 2015ರ ಡಿಸೆಂಬರ್‌ನಲ್ಲಿ ಸಂಸದ ಶಶಿ ತರೂರ್, ಸಲಿಂಗ ಸಂಬಂಧವನ್ನು ಆಗ ಅಪರಾಧವೆನ್ನುತ್ತಿದ್ದ ಸೆಕ್ಷನ್ 377ರ ತಿದ್ದುಪಡಿಗೆ ಖಾಸಗಿ ಮಸೂದೆ ತಂದರು. ಚರ್ಚೆ ಹಾಗಿರಲಿ, ಲೋಕಸಭೆಯಲ್ಲಿ ಮಂಡಿಸಲಿಕ್ಕೇ ಅನುಮತಿ ಸಿಗಲಿಲ್ಲ: ಪರ 24, ವಿರುದ್ಧ 71. ಮೂರು ತಿಂಗಳಲ್ಲಿ ಮತ್ತೆ ತಂದಾಗ ಪರ ಬಿದ್ದದ್ದು 14 ಮತ. ಒಮ್ಮೆ ಬಹಿರಂಗವಾಗಿ ‘ಇಲ್ಲ’ ಎಂದವರಿಗೆ ಆಮೇಲೆ ಮಾತು ಬದಲಿಸುವುದು ಕಷ್ಟ. ಸಂಖ್ಯೆ ಇಲ್ಲದಾಗ ಮತಕ್ಕೆ ಹಾಕಿಸಬೇಡಿ.

ಅಲ್ಲಿಯವರೆಗೆ ಆದೇಶದಿಂದಲೇ ಆಗುವ ಕೆಲಸ ಕೇಳಿ. ಸಲಿಂಗ ಸಂಗಾತಿಗಳನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರೆಂದು ಪರಿಗಣಿಸಿ ಎಂದು ಕೇಂದ್ರ 2024ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ತಾಲ್ಲೂಕು ಆಹಾರ ಶಾಖೆಗೆ ಅದು ಸುತ್ತೋಲೆಯಾಗಿ ಬಂದಿದೆಯೇ? ಇಲ್ಲಿಂದ ಶುರು ಮಾಡಿ. ಎರಡನೆಯದು ಆಸ್ಪತ್ರೆ. ವರ್ಷಗಟ್ಟಲೆ ಒಂದೇ ಒಲೆಯಲ್ಲಿ ಉಂಡವರನ್ನು ‘ನೀವು ಅವರಿಗೆ ಏನಾಗಬೇಕು?’ ಎಂದು ಐಸಿಯು ಬಾಗಿಲಲ್ಲಿ ತಡೆಯುವುದು ಅನ್ಯಾಯ. ಕಟ್ಟಾ ವಿರೋಧಿಗೂ ಈ ನೋವು ಅರ್ಥವಾಗುತ್ತದೆ.

ಮದುವೆ, ಉತ್ತರಾಧಿಕಾರ ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯವೂ ಕಾನೂನು ಮಾಡಬಹುದು. ಅದು ಕೇಂದ್ರದ ಕಾಯ್ದೆಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಗದ್ದೆ ಪಾಲಿನ ಜಗಳ ಕಂಡ ಮಂಡ್ಯದ ಶಾಸಕರಿಗೆ ಈ ಉದಾಹರಣೆ ಬೇಗ ತಟ್ಟುತ್ತದೆ.

ಮನವಿ ಒಂದೇ ಪುಟ, ಕನ್ನಡದಲ್ಲಿ. ಬೆಳಿಗ್ಗೆ ಶಾಸಕರ ಮನೆ ಮುಂದೆ ಸರ್ವೆ ನಕ್ಷೆ ಹಿಡಿದವರು, ಕಬ್ಬಿನ ಬಾಕಿ ಕೇಳುವವರು ನಿಂತಿರುತ್ತಾರೆ. ನಿಮಗೆ ಸಿಗುವುದು ಎರಡು ನಿಮಿಷ. ಯಾವ ಇಲಾಖೆ ಯಾವ ಆದೇಶ ಹೊರಡಿಸಬೇಕು ಎಂಬುದು ಮೊದಲ ಸಾಲಿನಲ್ಲೇ ಇರಲಿ, ತೀರ್ಪು, ಸುತ್ತೋಲೆಗಳ ಪ್ರತಿ ಹಿಂದೆ ಲಗತ್ತಿಸಿ. ನಾಲ್ಕು ಬೇಡಿಕೆ ಸೇರಿಸಿದರೆ ಕಡತ ನಾಲ್ಕು ಇಲಾಖೆ ಸುತ್ತಿ ಎಲ್ಲೋ ಮಲಗುತ್ತದೆ. ಆಪ್ತ ಸಹಾಯಕರ ಹತ್ತಿರ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸದೆ ಹೊರಬರಬೇಡಿ.

ವಿಧಾನ ಪರಿಷತ್ತನ್ನು ಬಹಳ ಜನ ಮರೆಯುತ್ತಾರೆ. ದಕ್ಷಿಣ ಶಿಕ್ಷಕರ ಮತ್ತು ದಕ್ಷಿಣ ಪದವೀಧರರ ಕ್ಷೇತ್ರಗಳು ಮೈಸೂರು, ಮಂಡ್ಯ ಎರಡನ್ನೂ ಒಳಗೊಂಡಿವೆ. ಆ ಸದಸ್ಯರಿಂದ ಚುಕ್ಕೆ ಗುರುತಿಲ್ಲದ ಒಂದು ಪ್ರಶ್ನೆ ಹಾಕಿಸಿ. ಗದ್ದಲವಿಲ್ಲದೆ ಸರ್ಕಾರದ ಲಿಖಿತ ಉತ್ತರ ಕೈಗೆ ಬರುತ್ತದೆ.

ಮನವಿ ಕೊಟ್ಟು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ತಿರಸ್ಕರಿಸುತ್ತಾರೆ. ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೇಳಿ.

ಸಹಿ ಹಾಕಿಸುವಾಗ ಎಚ್ಚರ. ಮನವಿ ಹತ್ತು ಕೈ ದಾಟುತ್ತದೆ. ಮನೆಯಲ್ಲಿ ಹೇಳದವರ ಹೆಸರು ಹಳ್ಳಿಗೆ ತಲುಪಿದರೆ ಅವರ ಬದುಕೇ ಕೆಡುತ್ತದೆ. ತಾಯ್ತಂದೆಯರು, ಮೇಷ್ಟ್ರುಗಳು, ವಕೀಲರು ಸಹಿ ಹಾಕಲಿ. ಆದೇಶ ಕೈಗೆ ಬರುವ ತನಕ ಪತ್ರಿಕೆಗೆ ಹೋಗಬೇಡಿ. ಚುನಾವಣೆಯಲ್ಲಿ ಸದಸ್ಯರು ಬದಲಾದರೆ, ಹಳೆಯ ಮೊಹರಿನ ಪ್ರತಿ ಸಹಿತ ಅದೇ ಕಡತವನ್ನು ಹೊಸಬರಿಗೆ ಮೊದಲ ತಿಂಗಳಲ್ಲೇ ಕೊಡಿ.