ಹಳ್ಳಿ ಮೆಡಿಕಲ್ ಕ್ಯಾಂಪಿಗೆ ವಾಲಂಟಿಯರ್ ಆಗಿ ಹೊರಟಿದ್ದೀರಾ? ಮಾತ್ರೆ ಕೊಡೋ ಟೇಬಲ್ ಕೇಳಿ ತಗೊಳ್ಳಿ

ನಾನು ಡಾಕ್ಟರೂ ಅಲ್ಲ ನರ್ಸೂ ಅಲ್ಲ, ಅಲ್ಲಿ ಹೋಗಿ ಏನ್ ಮಾಡ್ಲಿ ಅಂತ ತುಂಬಾ ಜನ ಕೇಳ್ತಾರೆ. ಕೆಲಸಕ್ಕೇನೂ ಬರ ಇಲ್ಲ. ಕ್ಯೂ ನೋಡ್ಕೊಳ್ಳೋದು, ಚೀಟಿ ಬರೆಯೋದು, ಹೇಳ್ಕೊಟ್ರೆ ಬಿಪಿ ನೋಡೋದು, ಇದೆಲ್ಲ ಸರಾಗ ನಡೆದ್ರೇನೇ ಒಳಗೆ ಕೂತಿರೋ ಡಾಕ್ಟರಿಗೆ ಒಬ್ಬೊಬ್ಬ ಪೇಷೆಂಟ್ ಹತ್ರ ನಾಲ್ಕು ಮಾತಾಡೋಕೆ ಟೈಮ್ ಸಿಗೋದು.

ಹೊರಡೋ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಆಗಿದ್ಯಾ ನೋಡ್ಕೊಳ್ಳಿ, ಸಾಮಾನ್ಯವಾಗಿ 3 ಡೋಸು, ಮುಗಿಯೋಕೆ 6 ತಿಂಗಳು ಬೇಕು, ಹೊರಡೋಕೆ ಒಂದು ವಾರ ಇರುವಾಗ ನೆನಪಾದ್ರೆ ಪೂರ್ತಿ ಮುಗಿಸೋಕೆ ಆಗಲ್ಲ. ಟಿಟಿ ಇಂಜೆಕ್ಷನ್ನೂ ಅಷ್ಟೆ, ಮೊದಲೇ ವಿಚಾರಿಸಿ. ಮನೇಲಿ ಉಳಿದಿರೋ ಅರ್ಧಂಬರ್ಧ ಸ್ಟ್ರಿಪ್ಪುಗಳನ್ನ ದಾನ ಅಂತ ಹೊತ್ಕೊಂಡು ಹೋಗ್ಬೇಡಿ ದಯವಿಟ್ಟು, ಅದನ್ನ ವಿಂಗಡಿಸೋದೇ ಅಲ್ಲಿರೋರಿಗೆ ಇನ್ನೊಂದು ತಲೆನೋವು.

ಬಿಪಿ ಟೇಬಲ್ ಸಿಕ್ಕಿದ್ರೆ ಪಕ್ಕದಲ್ಲಿ ಒಂದು ಬೆಂಚು ಹಾಕಿಸ್ಕೊಳ್ಳಿ. ದೂರದಿಂದ ನಡ್ಕೊಂಡು ಬಂದೋರಿಗೆ ಬಂದ ತಕ್ಷಣ ಪಟ್ಟಿ ಕಟ್ಟಿದ್ರೆ ರೀಡಿಂಗ್ ಜಾಸ್ತಿ ಬರುತ್ತೆ, 5 ನಿಮಿಷ ಸುಮ್ನೆ ಕೂರ್ಸಿ, ಬೆನ್ನಿಗೆ ಆಸರೆ ಇರ್ಲಿ, ಕಾಲು ನೆಲಕ್ಕೆ ತಾಗಿರ್ಲಿ, ತೋಳು ಎದೆ ಮಟ್ಟಕ್ಕೆ. ನೋಡುವಾಗ ನೀವೂ ಮಾತಾಡಿಸ್ಬೇಡಿ. ಮೇಲಿನ ನಂಬರ್ 180 ದಾಟಿದ್ರೆ ಪೇಷೆಂಟ್ ಮುಂದೆ ಕಣ್ಣರಳಿಸ್ದೆ, ಸ್ವಲ್ಪ ಬಿಟ್ಟು ಇನ್ನೊಂದ್ಸಲ ನೋಡಿ ಡಾಕ್ಟರಿಗೆ ಹೇಳಿ, ಎದೆನೋವು, ಏದುಸಿರು ಇದ್ರೆ ಕಾಯೋದೇ ಬೇಡ.

ಆದ್ರೆ ನನ್ನ ಕೇಳಿದ್ರೆ ಕ್ಯಾಂಪ್ ಗೆಲ್ಲೋದು ಸೋಲೋದು ಮಾತ್ರೆ ಟೇಬಲ್ಲಲ್ಲಿ. ಒಂದ್ಸಲ ಒಬ್ಬ ಅಜ್ಜಿಗೆ ಮೂರು ಕವರಲ್ಲಿ ಮೂರು ಥರ ಮಾತ್ರೆ ಕೊಟ್ಟು, ಅರ್ಥ ಆಯ್ತಾ ಅಜ್ಜಿ ಅಂದೆ, ತಲೆ ಆಡಿಸಿದ್ರು. ಹತ್ತು ಹೆಜ್ಜೆ ಹೋಗಿ, ಹಿಡ್ಕೊಳ್ಳೋಕೆ ಸುಲಭ ಅಂತ ಮೂರನ್ನೂ ಒಂದೇ ಕವರಿಗೆ ಸುರ್ಕೊಂಡ್ರು! ತಪ್ಪು ಅವರದ್ದಲ್ಲ, ನಂದು. ಅರ್ಥ ಆಯ್ತಾ ಅಂದ್ರೆ ಯಾರಾದ್ರೂ ಹೂಂ ಅಂತಾನೇ ಅನ್ನೋದು. ಅವತ್ತಿಂದ ಕವರ್ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು, ಎಷ್ಟು ಮಾತ್ರೆಯೋ ಅಷ್ಟು ಚುಕ್ಕಿ ಇಟ್ಟು, ಈಗ ನೀವು ನಂಗೆ ಹೇಳಿ ಯಾವ್ದು ಯಾವಾಗ ತಗೊಳ್ತೀರಾ ಅಂತ ಅವರ ಬಾಯಲ್ಲೇ ಹೇಳಿಸ್ತೀನಿ. ಓಆರ್‌ಎಸ್ ಕೊಡುವಾಗ್ಲೂ ಒಂದು ಲೀಟರ್ ಬಾಟ್ಲಿ ಎದುರಿಗಿಟ್ಟು ತೋರ್ಸಿ, ಲೀಟರಿನ ಪ್ಯಾಕೆಟ್ಟನ್ನ ಒಂದು ಲೋಟಕ್ಕೆ ಸುರಿದ್ರೆ ಮಗೂಗೆ ಅಪಾಯ. ಕಲಸಿದ್ದು 24 ಗಂಟೆ ಆದ್ಮೇಲೆ ಚೆಲ್ಲಬೇಕು ಅಂತಾನೂ ಹೇಳಿ.

ಬಳಸಿದ ಸೂಜಿಗೆ ಮುಚ್ಚಳ ವಾಪಸ್ ಹಾಕೋಕೆ ಹೋಗ್ಬೇಡಿ, ಸೂಜಿ ಹಾಕೋ ಡಬ್ಬಿ ಮುಕ್ಕಾಲು ತುಂಬಿದ್ರೆ ಬದಲಾಯಿಸಿ. ಚುಚ್ಚಿತೋ, ಹಿಂಡ್ದೆ ಸೋಪು ನೀರಲ್ಲಿ ತೊಳೆದು ಕೂಡ್ಲೇ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯೋ ಮಾತ್ರೆ ಬೇಕಾದ್ರೆ 72 ಗಂಟೆ ಒಳಗೆ ಶುರು ಆಗ್ಬೇಕು, ನಾಚ್ಕೊಂಡು ಕೂತ್ರೆ ಕಷ್ಟ.

ಭಾಷೆ ಬರಲ್ಲ ಅಂದ್ರೆ ಜೊತೆಗೆ ಬಂದ ಮಕ್ಕಳ ಕೈಲಿ ಅನುವಾದ ಮಾಡಿಸ್ಬೇಡಿ, ತಾಯಿ ತನ್ನ ಮುಟ್ಟಿನ ತೊಂದ್ರೆನ ಮಗನ ಮೂಲಕ ಹೆಂಗೆ ಹೇಳ್ತಾಳೆ ಹೇಳಿ? ಫೋಟೋನೂ ಕೇಳ್ದೆ ತೆಗೀಬೇಡಿ.

ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗೆ ಕೊಟ್ಟು ನಾವು ಬಸ್ ಹತ್ತಿದ್ರೆ ಎರಡನೇ ತಿಂಗಳು ಯಾರು ಕೊಡ್ತಾರೆ? ಅದಕ್ಕೇ ಕೊನೇ ದಿನ ಸಂಜೆ ಗಂಟು ಮೂಟೆ ಕಟ್ಟೋ ಮುಂಚೆ ಆ ಊರಿನ ಆರೋಗ್ಯ ಕಾರ್ಯಕರ್ತೆ ಜೊತೆ ಕೂತು, ಯಾರನ್ನ ಮತ್ತೆ ನೋಡ್ಬೇಕು, ಯಾರು ದೊಡ್ಡಾಸ್ಪತ್ರೆಗೆ ಹೋಗ್ಬೇಕು ಅಂತ ಒಂದೊಂದೇ ಹೆಸರು ಓದಿ, ಆ ಪಟ್ಟಿ ಅವರ ಕೈಗೆ ಕೊಟ್ಟು ಹೊರಡಿ.