ಹವಳದ ತೊಟ್ಟಿಯ ಫಾಸ್ಫೇಟ್ ಇಳಿಸಿದ ನನ್ನ ಅನುಭವ

ನಾನು ವಾಸಿಸುವ ನ್ಯೂಯಾರ್ಕ್ ನಗರದಲ್ಲಿ ನಲ್ಲಿ ನೀರಿಗೆ ಫಾಸ್ಫರಿಕ್ ಆಮ್ಲವನ್ನು ಬೇಕೆಂದೇ ಸೇರಿಸುತ್ತಾರೆ. ಹಳೆಯ ಕಟ್ಟಡಗಳ ಸೀಸದ ಕೊಳವೆಗಳ ಒಳಮೈಯಲ್ಲಿ ಅದು ತೆಳುವಾದ ಪದರವಾಗಿ ಕೂತು, ಸೀಸವು ಕುಡಿಯುವ ನೀರಿಗೆ ಇಳಿಯದಂತೆ ತಡೆಯುತ್ತದೆ. ಜನರ ಆರೋಗ್ಯಕ್ಕೆ ಅಗತ್ಯವಾದ ಈ ಏರ್ಪಾಡಿನಿಂದ ಹವಳ ಸಾಕುವವರಿಗೆ ಒಂದು ತೊಡಕಿದೆ: ಆ ಆಮ್ಲದಿಂದ ನೀರಿಗೆ ಫಾಸ್ಫೇಟ್ ಸೇರುತ್ತದೆ, ಅದು ಹೆಚ್ಚಾದರೆ ಹವಳದ ಬೆಳವಣಿಗೆಗೆ ಅಡ್ಡಿ. ಸಮುದ್ರದಲ್ಲಿ ಹವಳಗಳ ಸುತ್ತಲಿನ ನೀರಿನಲ್ಲಿ ಫಾಸ್ಫೇಟ್ ಸಾಮಾನ್ಯವಾಗಿ 0.02 ಪಿಪಿಎಂ (ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ) ಕೂಡ ಇರುವುದಿಲ್ಲ, ನಲ್ಲಿ ನೀರಿನಲ್ಲಿಯೋ ಅದರ ಹತ್ತಾರು ಪಟ್ಟು ಇರುತ್ತದೆ. ಆದ್ದರಿಂದ ನಾನು ಆರ್‌ಒ (ಪೊರೆಯ ಮೂಲಕ ಸೋಸುವುದು) ಮತ್ತು ಡಿಐ (ಉಳಿದ ಲವಣಗಳನ್ನು ರಾಳದಿಂದ ತೆಗೆಯುವುದು) ಎರಡೂ ಹಂತಗಳನ್ನು ದಾಟಿಸಿ, ಕರಗಿದ ವಸ್ತುಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರಿಗೆ ಮಾತ್ರ ಉಪ್ಪು ಬೆರೆಸುತ್ತೇನೆ.

ಹೊಸ ನೀರು ಇಷ್ಟು ಶುದ್ಧವಾಗಿದ್ದರೂ ನನ್ನ 280 ಲೀಟರಿನ ತೊಟ್ಟಿಯಲ್ಲಿ ಫಾಸ್ಫೇಟ್ 0.38 ಪಿಪಿಎಂ ಇತ್ತು. ಅಕ್ರೊಪೋರಾ ಹವಳಗಳು ಬಣ್ಣ ಕಳೆದುಕೊಂಡು ಕಂದಾಗಿದ್ದವು. ಬೆಳೆಯುವ ತುದಿಗಳಲ್ಲಿ ಕಾಣಬೇಕಾದ ಬಿಳುಪು ಇರಲಿಲ್ಲ. ಇದರ ಮೂಲ ಕಲ್ಲುಗಳಲ್ಲಿತ್ತು. ತೊಟ್ಟಿಯ ಹವ್ಯಾಸ ಬಿಡುತ್ತಿದ್ದ ಪರಿಚಿತರೊಬ್ಬರಿಂದ ತಂದ ಆ ಕಲ್ಲುಗಳು ಬಹುಪಾಲು ಅರಾಗೊನೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಫಾಸ್ಫೇಟ್ ಹೆಚ್ಚಿದ್ದಾಗ ಅದು ಈ ಕಲ್ಲಿನ ಮೈಗೆ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದಾಗ ಬಿಟ್ಟುಕೊಳ್ಳುತ್ತದೆ. ಒರತೆ ಚೆನ್ನಾಗಿರುವ ಬಾವಿಯಲ್ಲಿ ಎಷ್ಟು ಸೇದಿದರೂ ಬೆಳಗಾಗುವಷ್ಟರಲ್ಲಿ ನೀರು ಹಿಂದಿನ ಮಟ್ಟಕ್ಕೇ ಬಂದು ನಿಲ್ಲುವಂತೆ, ಹತ್ತನೆಯ ಒಂದು ಭಾಗ ನೀರು ಬದಲಿಸಿದರೂ ಅಂಕಿ ಕೆಲವೇ ದಿನಗಳಲ್ಲಿ ಮತ್ತೆ ಏರುತ್ತಿತ್ತು. ನಾನು ಇಳಿಸಬೇಕಾಗಿದ್ದುದು ನೀರಿನೊಳಗಿನ ಫಾಸ್ಫೇಟನ್ನಲ್ಲ, ಕಲ್ಲು ಮತ್ತು ಮರಳಿನೊಳಗಿನ ದಾಸ್ತಾನನ್ನು.

ಈ ಕೆಲಸಕ್ಕೆ ನಂಬಿಕೆಗೆ ಅರ್ಹವಾದ ಅಳತೆ ಬೇಕು. ಬಣ್ಣ ಹೋಲಿಸಿ ನೋಡುವ ಕಿಟ್‌ಗಳಲ್ಲಿ 0.05 ಮತ್ತು 0.10ರ ನಡುವಿನ ವ್ಯತ್ಯಾಸ ನನ್ನ ಕಣ್ಣಿಗೆ ಖಚಿತವಾಗಿ ತಿಳಿಯುವುದಿಲ್ಲ. ನಾನು ಬಳಸುವುದು ಹ್ಯಾನಾ ಕಂಪನಿಯ ಎಚ್‌ಐ736 ಮೀಟರನ್ನು. ಅದು ಫಾಸ್ಫರಸ್ಸನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಭಾಗ) ತೋರಿಸುತ್ತದೆ. ಆ ಅಂಕಿಯನ್ನು 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂನಲ್ಲಿ ಸಿಗುತ್ತದೆ. ನನ್ನಲ್ಲಿ 124 ಬಂದದ್ದರಿಂದ 0.38 ಎಂದಾಯಿತು. ಗಾಜಿನ ಸೀಸೆಗೆ 10 ಮಿಲಿಲೀಟರ್ ನೀರು ತುಂಬಿ ಮೊದಲು ಸೊನ್ನೆ ಹೊಂದಿಸಿ, ಪೊಟ್ಟಣದ ಪುಡಿಯನ್ನು ಮೂಲೆಯಲ್ಲಿ ಒಂದು ಕಣವೂ ಉಳಿಯದಂತೆ ಸುರಿದು, ಗುಳ್ಳೆ ಏಳದ ಹಾಗೆ ಮೆಲ್ಲಗೆ ಅಲ್ಲಾಡಿಸಿ ಕರಗಿಸಬೇಕು. ಸೀಸೆಯ ಹೊರಮೈಯಲ್ಲಿ ಬೆರಳಿನ ಗುರುತಿದ್ದರೂ, ಒಳಗೋಡೆಗೆ ಒಂದು ಗುಳ್ಳೆ ಅಂಟಿದ್ದರೂ ಅಂಕಿ ಏರುಪೇರಾಗುತ್ತದೆ. ಹಾಗಾಗಿ ಅನುಮಾನ ಬಂದಾಗ ಮತ್ತೊಮ್ಮೆ ಅಳೆಯದೆ ತೊಟ್ಟಿಗೆ ಏನನ್ನೂ ಹಾಕುವುದಿಲ್ಲ.

ಫಾಸ್ಫೇಟ್ ತೆಗೆಯಲು ನಾನು ಆರಿಸಿಕೊಂಡದ್ದು ಜಿಎಫ್‌ಒ ಎಂಬ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು. ಲ್ಯಾಂಥನಂ ಕ್ಲೋರೈಡ್ ಅಗ್ಗವೂ ಹೌದು, ಬೇಗ ಕೆಲಸ ಮಾಡುವಂಥದ್ದೂ ಹೌದು. ಆದರೆ ಅದರಿಂದ ಉಂಟಾಗುವ ಅತಿ ಸಣ್ಣ ಗಸಿಯನ್ನು 5 ಅಥವಾ 10 ಮೈಕ್ರಾನ್ ಚೀಲದಲ್ಲಿ ಹಿಡಿಯಬೇಕು, ಮತ್ತು ಅದನ್ನು ಹಾಕಿದಾಗ ಟ್ಯಾಂಗ್ ಮೀನುಗಳು ಉಸಿರಿಗೆ ಒದ್ದಾಡಿದುದನ್ನು ಹಲವು ಸಾಕಣೆದಾರರು ಕಂಡಿದ್ದಾರೆ. ನನ್ನ ತೊಟ್ಟಿಯಲ್ಲಿ ಹಳದಿ ಟ್ಯಾಂಗ್ ಇರುವುದರಿಂದ ಅದರ ಗೋಜಿಗೆ ಹೋಗಲಿಲ್ಲ. ಜಿಎಫ್‌ಒವನ್ನು ಕಂದು ದೂಳು ನಿಲ್ಲುವವರೆಗೆ ಆರ್‌ಒ ನೀರಿನಲ್ಲಿ ತೊಳೆದು, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಕಾಲುಭಾಗವನ್ನು ಮಾತ್ರ ರಿಯಾಕ್ಟರ್ ಎಂಬ, ತೊಟ್ಟಿಯ ನೀರು ಹಾಯುವ ಪಾತ್ರೆಗೆ ತುಂಬಿ, ಮೇಲ್ಪದರದ ಹರಳುಗಳು ಅಲುಗಾಡುವಷ್ಟೇ ನೀರು ಹರಿಸಿದೆ. ಅಂಕಿ ಇಳಿಯುತ್ತಿತ್ತು, ಹರಳುಗಳ ಶಕ್ತಿ ತೀರಿದ ಮೇಲೆ ಮತ್ತೆ ಏರುತ್ತಿತ್ತು. ಆದರೆ ಪ್ರತಿ ಸಲವೂ ಮೊದಲಿಗಿಂತ ತುಸು ಕೆಳಗೇ ನಿಲ್ಲುತ್ತಿತ್ತು. ಆ ವ್ಯತ್ಯಾಸವೇ ಕಲ್ಲಿನಿಂದ ಹೊರಬಿದ್ದ ಪಾಲು. ತಿಂಗಳುಗಟ್ಟಲೆ ಹಿಡಿದ ಈ ನಿಧಾನ ಹವಳಕ್ಕೆ ಹಿತವೆಂದೇ ನನ್ನ ದೃಢ ಅಭಿಪ್ರಾಯ.

ಇಳಿಯುವ ಹಾದಿಯಲ್ಲಿ ಕ್ಷಾರತೆಯ (ಮುಖ್ಯವಾಗಿ ನೀರಿನಲ್ಲಿ ಕರಗಿದ ಕಾರ್ಬೊನೇಟ್‌ಗಳ ಪ್ರಮಾಣದ) ಮೇಲೆ ಕಣ್ಣಿಡಲೇಬೇಕು. ಫಾಸ್ಫೇಟ್ ಅರಾಗೊನೈಟ್ ಹರಳು ಬೆಳೆಯುವುದಕ್ಕೆ ಅಡ್ಡಿಯಾಗುತ್ತದೆ. ಆ ಅಡ್ಡಿ ಸರಿದಂತೆ ಹವಳಗಳು ಅಸ್ಥಿಪಂಜರವನ್ನು ಬೇಗ ಕಟ್ಟತೊಡಗಿ ಹೆಚ್ಚು ಕ್ಷಾರ ಬಳಸುತ್ತವೆ. ನಾನು ದಿನವೂ ಅಳೆದು, ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ದ್ರಾವಣವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ, ಕ್ಷಾರತೆಯನ್ನು ಅದರ ಅಳತೆಯಾದ ಡಿಕೆಎಚ್‌ನಲ್ಲಿ 8ರ ಆಸುಪಾಸಿನಲ್ಲಿ ಉಳಿಸಿಕೊಂಡೆ.

ಮೀನಿನ ಆಹಾರವನ್ನು ನಾನು ಕಡಿತ ಮಾಡಲಿಲ್ಲ. ಹೆಪ್ಪುಗಟ್ಟಿದ ಮೈಸಿಸ್ ಸಿಗಡಿಯನ್ನು ಜರಡಿಯಲ್ಲಿ ತೊಳೆದರೆ ಫಾಸ್ಫೇಟ್ ಹೋಗುತ್ತದೆಂದು ಹಲವರು ನಂಬುತ್ತಾರೆ, ಆದರೆ ಹೆಚ್ಚಿನ ಫಾಸ್ಫರಸ್ ಸಿಗಡಿಯ ಮಾಂಸದಲ್ಲೇ ಇರುವುದರಿಂದ ತೊಳೆಯುವುದರ ಲಾಭ ಅಲ್ಪ. ದಿನನಿತ್ಯ ಆಹಾರದಿಂದ ಬರುವುದನ್ನು ಹೀರಲು ಕೆಳಗಿನ ಸಂಪ್ ಎಂಬ ಜೋಡಿ ತೊಟ್ಟಿಯಲ್ಲಿ ಕೀಟೊಮಾರ್ಫಾ ಪಾಚಿ ಬೆಳೆಸುತ್ತೇನೆ. ಅದರ ದೀಪ ರಾತ್ರಿ ಉರಿಯುತ್ತದೆ, ಹಾಗಾಗಿ ರಾತ್ರಿಯ ಪಿಎಚ್ ಇಳಿತವೂ ತಗ್ಗುತ್ತದೆ. ಪಾಚಿಗೆ ಫಾಸ್ಫರಸ್ಸಿಗಿಂತ ಸಾರಜನಕ ಎಷ್ಟೋ ಪಟ್ಟು ಹೆಚ್ಚು ಬೇಕು. ಆ ಸಾರಜನಕ ಒದಗಿಸುವ ನೈಟ್ರೇಟ್ ಮುಗಿದುಹೋದಾಗ ಪಾಚಿಯ ಬೆಳವಣಿಗೆ ನಿಂತು ಫಾಸ್ಫೇಟ್ ಹಾಗೆಯೇ ಉಳಿದದ್ದನ್ನು ನೋಡಿ, ಸೋಡಿಯಂ ನೈಟ್ರೇಟ್ ದ್ರಾವಣ ಹಾಕಿ ನೈಟ್ರೇಟನ್ನು 5 ಪಿಪಿಎಂ ಹತ್ತಿರ ಇರಿಸಿದೆ. ಪಾಚಿ ಮತ್ತೆ ಹಸಿರಾಗಿ ಹರಡಿಕೊಂಡಿತು.

ಸೊನ್ನೆ ನನ್ನ ಗುರಿಯಲ್ಲ. ಹವಳದ ಜೀವಕೋಶಗಳಲ್ಲಿರುವ ಪಾಚಿಗೂ ಫಾಸ್ಫರಸ್ ಬೇಕು, ಮತ್ತು ಪೋಷಕಾಂಶಗಳು ಪೂರ್ತಿ ಬರಿದಾದ ತೊಟ್ಟಿಗಳಲ್ಲೇ ಡೈನೊಫ್ಲಾಜೆಲೇಟ್‌ಗಳೆಂಬ ಸೂಕ್ಷ್ಮಜೀವಿಗಳು ಗುಳ್ಳೆ ಹಿಡಿದ ಕಂದು ಲೋಳೆಯಾಗಿ ಮರಳನ್ನು ಆವರಿಸುವುದು ಹೆಚ್ಚು. ಈಗ ವಾರಕ್ಕೊಮ್ಮೆ ಅಳೆಯುತ್ತೇನೆ. 0.05ರಿಂದ 0.08ರೊಳಗಿದ್ದರೆ ಏನನ್ನೂ ಮುಟ್ಟುವುದಿಲ್ಲ, 0.10 ದಾಟಿದರೆ ರಿಯಾಕ್ಟರಿಗೆ ಸ್ವಲ್ಪ ಹೊಸ ಜಿಎಫ್‌ಒ ತುಂಬುತ್ತೇನೆ, 0.03ಕ್ಕಿಂತ ಕೆಳಗಿಳಿದರೆ ರಿಯಾಕ್ಟರನ್ನು ನಿಲ್ಲಿಸಿ ಮೀನುಗಳಿಗೆ ಇನ್ನೊಂದು ಹೊತ್ತಿನ ಆಹಾರ ಕೊಡುತ್ತೇನೆ.